ಕೊಡಲಿ ಕಾವಿಗೂ ಅನುಮತಿ ಬೇಕಾದ ಕಾಲ

"ಕೊಡಲಿ ಕಾವು ಕುಲಕ್ಕೆ ಸಾವು" ಅನ್ನೋ ಗಾದೆ ನೀವೆಲ್ಲ ಕೇಳಿರ್ತೀರಿ. ಮರದಿಂದ ಆದ ಕಾವೇ ಮರವನ್ನು ಕಡಿಯುತ್ತೆ ಅಂತ. ಇವತ್ತು ಗಾದೆಯ ನೀತಿ ಪಕ್ಕಕ್ಕಿಟ್ಟು, ಆ ಕಾವಿನ ಬಗ್ಗೆಯೇ ಮಾತಾಡೋಣ. ಅದರ ಮರ ಎಲ್ಲಿಂದ ಬರ್ತಿತ್ತು? ಅದನ್ನು ತರೋ ಹಕ್ಕು ಯಾರದಾಗಿತ್ತು?

ಕಬ್ಬಿಣದ ಕೊಡಲಿ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತೆ. ಕಾವು ಹಾಗಲ್ಲ, ಸವೆಯುತ್ತೆ, ಮುರಿಯುತ್ತೆ. ಹಳೆಯ ನೇಗಿಲಿನಲ್ಲೂ ಕುಳ ಮಾತ್ರ ಕಬ್ಬಿಣ. ಈಸು, ಮೇಳಿ, ನೊಗ ಎಲ್ಲವೂ ಮರ. ಹಾಗಾಗಿ ರೈತನಿಗೆ ಗಟ್ಟಿ ಮರ ಪದೇ ಪದೇ ಬೇಕು.

ಸಿಕ್ಕ ಮರವೆಲ್ಲ ಆಗೋದಿಲ್ಲ. ಕೊಡಲಿ ಕಾವಿಗೆ, ಗಾಡಿಯ ಅಚ್ಚಿಗೆ ದಿಂಡಿಗ. ಇಂಗ್ಲಿಷಿನಲ್ಲಿ ಅದರ ಹೆಸರೇ 'ಆಕ್ಸಲ್‌ವುಡ್'. ನೇಗಿಲಿಗೆ, ಚಕ್ರಕ್ಕೆ ಕರಿಜಾಲಿ. ಬಡಿಗನ ಕೊಡತಿಗೆ ಹುಣಸೆಯ ಚೇಗು, ಅಂದರೆ ಕಾಂಡದ ನಡುವಿನ ಬಲಿತ ಭಾಗ.

ಕಡಿದ ಮರ ಅವತ್ತೇ ಕೆಲಸಕ್ಕೆ ಬರೋದಿಲ್ಲ. ಒಣಗುವಾಗ ಮರ ಉದ್ದಕ್ಕೆ ಕುಗ್ಗೋದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ತುದಿಗಳಿಂದ ನೀರು ಬೇಗ ಆರೋದರಿಂದ ಮೊದಲು ಬಿರಿಯೋದೂ ಅಲ್ಲೇ. ಅದಕ್ಕೇ ತುದಿಗೆ ಸಗಣಿ ಮೆತ್ತಿ ನೆರಳಲ್ಲಿ ನಿಧಾನವಾಗಿ ಒಣಗಿಸೋರು. ಕೆಲವು ಕಡೆ ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಡೋರು. ಮರದ ರಸ ನೀರಿಗೆ ಬಿಟ್ಟುಕೊಂಡರೆ ಹುಳ ಹಿಡಿಯೋದು ಕಡಿಮೆ. ಕಾವಿಗೆ ಕೊಯ್ದ ಮರಕ್ಕಿಂತ ಸೀಳಿದ ಮರ ಒಳ್ಳೆಯದು, ಎಳೆ ಈ ತುದಿಯಿಂದ ಆ ತುದಿಗೆ ನೇರವಾಗಿರುತ್ತೆ. ಎಳೆ ಓರೆಯಾದರೆ ಪೆಟ್ಟಿಗೆ ಮುರಿಯುತ್ತೆ. ಪೂರ್ತಿ ಒಣಗಿದ ಗಟ್ಟಿ ಮರ ಬಾಚಿಗೆ ಸುಲಭಕ್ಕೆ ಬಗ್ಗೋದಿಲ್ಲ. ಹಾಗಾಗಿ ಹಸಿ ಇದ್ದಾಗಲೇ ಒರಟಾಗಿ ಕೆತ್ತಿ, ಒಣಗಿದ ಮೇಲೆ ಅಳತೆಗೆ ತರೋದು. ಹಸಿ ಕಾವನ್ನೇ ತೊಡಿಸಿದರೆ ಬೇಸಿಗೆಯಲ್ಲಿ ಸಡಿಲ ಆಗುತ್ತೆ. ಈ ಕೆಲಸಕ್ಕೆ ಬಡಿಗನಿಗೆ ಸುಗ್ಗಿಯಲ್ಲಿ ಧಾನ್ಯದ ಆಯ ಸಲ್ಲುತ್ತಿತ್ತು.

ಅಂದರೆ ಮುಂದಿನ ಉಳುಮೆಗೆ ಬೇಕಾದ ಮರ ತಿಂಗಳುಗಳ ಮುಂಚೆಯೇ ಕಾಡಿನಿಂದ ಮನೆಗೆ ಬಂದಿರಬೇಕು. ಕಥೆ ಬದಲಾಗಿದ್ದು ಇಲ್ಲೇ.

1853ರಲ್ಲಿ ಬೊಂಬಾಯಿ–ಠಾಣೆ ರೈಲು ಓಡಿತು. ಒಂದು ಮೈಲಿ ಹಳಿಗೆ ಸುಮಾರು 1,760ರಿಂದ 2,000 ಸ್ಲೀಪರ್ ಬೇಕು. ಸರ್ಕಾರಕ್ಕೂ ಈಗ ಮರ ಪದೇ ಪದೇ ಬೇಕಾಯ್ತು. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದರು. 1865ರಲ್ಲಿ ಒಂದು ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಕಾಡು 'ಮೀಸಲು', 'ರಕ್ಷಿತ' ಅಂತ ಭಾಗವಾಯ್ತು. ಮೀಸಲು ಕಾಡಿನಲ್ಲಿ, ದಾಖಲಾಗದ ಹಳೆಯ ಬಳಕೆಗಳಿಗೆ ಬೆಲೆ ಇಲ್ಲ. ಹಕ್ಕು ಹೋಗಿ ರಿಯಾಯಿತಿ ಬಂತು. ನಿಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಓನರ್ ಆಗಿದ್ದವನು ಆಕ್ಸೆಸ್ ರಿಕ್ವೆಸ್ಟ್ ಹಾಕೋ ಯೂಸರ್ ಆದ.

ಆಗಲೇ ವಿರೋಧವೂ ಬಂತು. ಹಳ್ಳಿಯವರ ಹಕ್ಕು ಹಕ್ಕೇ ಅಂತ ಮದ್ರಾಸ್ ಸರ್ಕಾರ ತಕರಾರು ತೆಗೆದು, 1882ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಪುಣೆಯಲ್ಲಿ ಜ್ಯೋತಿಬಾ ಫುಲೆ ರೈತರ ಕಷ್ಟಗಳ ಬಗ್ಗೆ ಬರೆಯುವಾಗ ಅರಣ್ಯ ಇಲಾಖೆಯನ್ನೂ ಬಿಡಲಿಲ್ಲ. 1862ರಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡಕ್ಕೂ 1878ರ ಕಾಯ್ದೆ ತಟ್ಟಿತು. 1930ರಲ್ಲಿ ಅಲ್ಲಿನ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದಾಗ, ಅದರ ಹಿಂದೆ ಇಂಥ ಅರ್ಧ ಶತಮಾನದ ಸಿಟ್ಟಿತ್ತು.

2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಕಾಡಿನ ಜನಕ್ಕೆ ಆಗಿದ್ದು 'ಐತಿಹಾಸಿಕ ಅನ್ಯಾಯ' ಅಂತ ಒಪ್ಪಿಕೊಂಡಿದೆ. ಕಾಡು ಕಡಿದವರು ಯಾರು ಅಂತ ಕೇಳಿದಾಗ ಮೊದಲು ಬೆರಳು ಹೋಗೋದು ಕೊಡಲಿ ಹಿಡಿದ ರೈತನ ಕಡೆಗೆ. ಲೆಕ್ಕ ಹಾಕುವಾಗ ಹಳಿಯ ಕೆಳಗಿನ ಮರವನ್ನೂ ಸೇರಿಸಿ.

ನಿಮ್ಮೂರಲ್ಲಿ ಕಾವಿಗೆ ಯಾವ ಮರ ಬಳಸ್ತಿದ್ರು? ಊರಿಗೆ ಫೋನ್ ಮಾಡಿದಾಗ ಹಿರಿಯರನ್ನ ಕೇಳಿ, ನಮಗೂ ತಿಳಿಸಿ. ಮತ್ತೆ ಸಿಗೋಣ.