ಮನೆ ಕದಲಲಿಲ್ಲ, ವಿಳಾಸ ಬದಲಾಯಿತು

ಹರಪನಹಳ್ಳಿ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಒಂದು ತಗಡಿನ ಟ್ರಂಕ್ ಇದೆ. ಅದರಲ್ಲಿ ಒಡವೆ ಇಲ್ಲ, ಕಾಗದಗಳಿವೆ. ಕಳೆದ ಸಲ ಹೋದಾಗ ಮಾವ ಅದನ್ನು ತೆಗೆದು ಒಂದೊಂದಾಗಿ ಹರಡಿದರು. ಅಜ್ಜನ ಕಾಲದ ಜಮೀನಿನ ಪತ್ರ: ಮದ್ರಾಸ್ ಸರ್ಕಾರ. ಮಾವನ ಶಾಲೆಯ ಟಿ.ಸಿ.: ಬಳ್ಳಾರಿ ಜಿಲ್ಲೆ, ಮೈಸೂರು ರಾಜ್ಯ. ಎಂಬತ್ತರ ದಶಕದ ಪಹಣಿ: ಬಳ್ಳಾರಿ ಜಿಲ್ಲೆ, ಕರ್ನಾಟಕ. ಆಮೇಲಿನ ರೇಷನ್ ಕಾರ್ಡ್: ದಾವಣಗೆರೆ ಜಿಲ್ಲೆ. ಅದಾದ ಮೇಲೆ ಒಂದು ಪ್ರಮಾಣಪತ್ರ: ಮತ್ತೆ ಬಳ್ಳಾರಿ. ತೀರಾ ಇತ್ತೀಚಿನದು: ವಿಜಯನಗರ ಜಿಲ್ಲೆ.

ಹೊಲದ ಸರ್ವೆ ನಂಬರ್ ಅದೇ. ಮನೆ ಅದೇ. ಬಾಗಿಲ ಮುಂದಿನ ಬೇವಿನ ಮರವೂ ಅದೇ. ಮಾವ ನಕ್ಕು ಹೇಳಿದರು: "ನಾವು ಎಲ್ಲಿಗೂ ಹೋಗಿಲ್ಲ ಅಳಿಯಾ. ಸರ್ಕಾರನಾ ನಮ್ಮ ಮ್ಯಾಲೆ ಹಾದು ಹೋಗೈತಿ."

ಈ ಒಂದು ಮಾತನ್ನು ಇಟ್ಟುಕೊಂಡು ಇವತ್ತು ನಿಮ್ಮ ಜೊತೆ ಸ್ವಲ್ಪ ಇತಿಹಾಸ ಮಾತಾಡಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದು ಹೆಸರು. ಬೆಂಗಳೂರಿನಲ್ಲಿ ಕೂತು ನಾವು "ಪಶ್ಚಿಮ ತಾಲ್ಲೂಕುಗಳು" ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಊರುಗಳು. ಅಲ್ಲಿನ ಜನರಿಗೆ ವ್ಯವಸ್ಥೆಯ ಮೇಲೆ ಒಂದು ಅಸಮಾಧಾನ ಇದೆ. ಅದು ಬೆಂಕಿ ಹಚ್ಚುವ ಅಸಮಾಧಾನ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಫೈಲ್ ಹಿಡಿದು ನಿಂತಿರುವ ಅಸಮಾಧಾನ. ಅದಕ್ಕೇ ಅದು ನಮ್ಮ ಕ್ಯಾಮೆರಾಗೆ ಕಾಣುವುದಿಲ್ಲ.

1800ರಿಂದ ಶುರು ಮಾಡೋಣ. ಆ ವರ್ಷ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಭಾಗಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಕ್ಷಣೆಗೆ ಇಟ್ಟುಕೊಂಡ ಕಂಪನಿಯ ಸೈನ್ಯದ ಖರ್ಚಿಗೆ ಅಂತ ಕೊಟ್ಟ ನೆಲ ಇದು. ದತ್ತ ಮಂಡಲ ಅಂತ ಹೆಸರೇ ಬಂತು. ದತ್ತ, ಅಂದರೆ ಕೊಟ್ಟಿದ್ದು. ಕೊಟ್ಟವರು ಯಾರೋ, ತೆಗೆದುಕೊಂಡವರು ಯಾರೋ. ನೆಲದ ಮೇಲಿದ್ದವರನ್ನು ಯಾರೂ ಕೇಳಲಿಲ್ಲ.

ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಇಲ್ಲಿದ್ದ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಯಂಥ ಪಾಳೆಯಗಾರರ ಸೀಮೆ ಇದು. ಮನ್ರೋ ಪಾಳೆಯಗಾರರ ಅಧಿಕಾರ ಮುರಿದ, ರೈತನಿಗೂ ಸರ್ಕಾರಕ್ಕೂ ನೇರ ಲೆಕ್ಕ ಹಾಕಿದ. ರೈತವಾರಿ ಪದ್ಧತಿ ಗಟ್ಟಿಯಾದದ್ದು ಈ ಸೀಮೆಯಲ್ಲೇ. ಒಂದು ವಿಷಯ ಗಮನಿಸಿ. ಮನ್ರೋ ವರ್ಷದ ಬಹುಭಾಗ ಡೇರೆ ಹಾಕಿಕೊಂಡು ಊರೂರು ಸುತ್ತುತ್ತಿದ್ದ. ಕಂದಾಯ ಬೇಕಾಗಿದ್ದಾಗ ಕಚೇರಿ ತಾನೇ ಹಳ್ಳಿಗೆ ಬಂತು. ಕೊಡುವ ಕಾಲ ಬಂದಾಗ ಮಾತ್ರ ಹಳ್ಳಿ ಕಚೇರಿಗೆ ಹೋಗಬೇಕು. ಇನ್ನೂರು ವರ್ಷದಲ್ಲಿ ಈ ನಿಯಮ ಬದಲಾಗಿಲ್ಲ.

ನೂರೈವತ್ತಕ್ಕೂ ಹೆಚ್ಚು ವರ್ಷ ಈ ಕನ್ನಡದ ಸೀಮೆ ಮದ್ರಾಸಿಗೆ ಸೇರಿತ್ತು. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಪ್ರಾಣ ಬಿಟ್ಟರು. ಆಂಧ್ರ ರಾಜ್ಯ ಘೋಷಣೆಯಾಯಿತು. ಬಳ್ಳಾರಿ ಜಿಲ್ಲೆ ಹೋಳಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನುವುದನ್ನು ನೋಡಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಆಯೋಗ ಬಂತು. 1953ರ ಅಕ್ಟೋಬರ್ 1ರಂದು ಕನ್ನಡದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದು ನಿಜವಾದ ಹಬ್ಬ. ಆ ಹೋರಾಟದಲ್ಲಿ ಜೀವ ಕೊಟ್ಟವರಿದ್ದಾರೆ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆಡಳಿತದ ಭಾಷೆ ನಮ್ಮದಾಯಿತು.

ಅದೇ ಹೊತ್ತಿಗೆ ತುಂಗಭದ್ರಾ ಜಲಾಶಯ ತುಂಬತೊಡಗಿತ್ತು. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನೀರು ಕಾಲುವೆ ಹಿಡಿದು ಕೆಳಗಿನ ಸೀಮೆಗೆ ಹರಿಯಿತು. ಕೂಡ್ಲಿಗಿ, ಕೊಟ್ಟೂರಿನ ಎತ್ತರದ ಎರೆ, ಮಸಾರಿ ಹೊಲಗಳು ಮಾತ್ರ ಆಕಾಶ ನೋಡುತ್ತಲೇ ಉಳಿದವು. ಇವತ್ತಿಗೂ ಮಳೆ ಕೈಕೊಟ್ಟ ವರ್ಷ ಇಲ್ಲಿನ ತಾಂಡಾ, ಹಟ್ಟಿಗಳಿಂದ ಜನ ಗುಳೆ ಹೋಗುತ್ತಾರೆ. ಕಬ್ಬು ಕಡಿಯೋದಕ್ಕೆ ಮಂಡ್ಯದ ಕಡೆ, ಕಾಫಿ ತೋಟಕ್ಕೆ ಮಲೆನಾಡಿಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ.

ಈಗ ನೇರ ಪ್ರಶ್ನೆಗೆ ಬರೋಣ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿತು. ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಮಾವನಿಗೆ ಆಗ ಖುಷಿಯಾಗಿತ್ತಂತೆ. ಯಾಕಾಗಬಾರದು? ಬಳ್ಳಾರಿಗೆ ಹೋಗಬೇಕಂದರೆ ನೂರು ಕಿಲೋಮೀಟರ್ ದಾಟಬೇಕು. ದಾವಣಗೆರೆ ಅದರ ಅರ್ಧವೂ ಇಲ್ಲ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ಎಲ್ಲಕ್ಕೂ ಜನ ಹೋಗುತ್ತಿದ್ದದ್ದು ಅಲ್ಲಿಗೇ. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಅಂಕಿ ಅಂಶ ಸಮೇತ ಹೇಳಿತು. ಆ 39ರ ಪಟ್ಟಿಯಲ್ಲಿ ಕೂಡ್ಲಿಗಿ ಇದೆ. ಹರಪನಹಳ್ಳಿಯೂ ಇದೆ. ಅಕ್ಕಪಕ್ಕದ ತಾಲ್ಲೂಕು, ಒಂದೇ ಬಡತನ, ಒಂದೇ ಬರ. ಆದರೆ ಪಟ್ಟಿಯಲ್ಲಿ ಒಂದು ಗುಲ್ಬರ್ಗಾ ವಿಭಾಗದಲ್ಲಿ, ಇನ್ನೊಂದು ಬೆಂಗಳೂರು ವಿಭಾಗದಲ್ಲಿ.

ಈ ಸಣ್ಣ ಗೆರೆ ದೊಡ್ಡದಾದದ್ದು ಹತ್ತು ವರ್ಷದ ಮೇಲೆ. ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು. 371ಜೆ ವಿಧಿ 2013ರಲ್ಲಿ ಜಾರಿಯಾಯಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣದಲ್ಲಿ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ. ಆ ಭಾಗದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಶೇ. 70 ಸೀಟು, ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಬಳ್ಳಾರಿ ಜಿಲ್ಲೆಯೂ ಸೇರಿತು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ನೆಲಕ್ಕೆ 213 ವರ್ಷದ ಮೇಲೆ ಹೈದರಾಬಾದಿನ ಹೆಸರು ವಾಪಸ್ ಬಂತು ನೋಡಿ, ಈ ಸಲ ಒಳ್ಳೆಯದಕ್ಕೆ. ಆದರೆ ಹರಪನಹಳ್ಳಿ? ಅದು ದಾವಣಗೆರೆ ಜಿಲ್ಲೆಯಲ್ಲಿತ್ತು. ಹಾಗಾಗಿ ಹೊರಗೆ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. 2014ರಲ್ಲಿ ಮಾವನ ಮಗ ಸಿಇಟಿ ಬರೆದ. ಕೊಟ್ಟೂರಿನಲ್ಲಿರುವ ದೊಡ್ಡಮ್ಮನ ಮಗಳೂ ಬರೆದಳು. ಇಬ್ಬರ ರ್‍ಯಾಂಕೂ ಹತ್ತಿರ ಹತ್ತಿರ. ಇಬ್ಬರ ಮನೆಗೂ ನಡುವೆ ಮೂವತ್ತು ಕಿಲೋಮೀಟರ್ ಆಸುಪಾಸು. ಅವಳಿಗೆ 371ಜೆ ಇತ್ತು, ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇವನಿಗೆ ಇರಲಿಲ್ಲ. ಮಾವ ಎರಡು ಎಕರೆ ಅಡ ಇಟ್ಟು ಖಾಸಗಿ ಕಾಲೇಜಿಗೆ ಸೇರಿಸಿದರು. ತಂಗಿಗೆ ಸಿಕ್ಕಿದ್ದಕ್ಕೆ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಅವಳಿಗೆ ಸಿಗಬೇಕಾದದ್ದೇ. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಹತ್ತಿರದ ಕಚೇರಿ ಬೇಕು ಅಂದಿದ್ದು ತಪ್ಪೇನಪಾ?"

ನಾನು ಇಂಜಿನಿಯರಿಂಗ್ ಓದಿದವನು, ಟೀವಿಯಲ್ಲಿ ದಿನಾ ಮಾತಾಡುವವನು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಇಡೀ ಕಥೆಯ ತಿರುಳು ಅದೇ. ಒಂದು ತಾಲ್ಲೂಕಿನ ಜನರಿಗೆ ವ್ಯವಸ್ಥೆ ಹೇಳಿತು: ಹತ್ತಿರದ ಕಚೇರಿ ಬೇಕಾದರೆ ಹಕ್ಕು ಬಿಡಿ, ಹಕ್ಕು ಬೇಕಾದರೆ ದೂರ ನಡೆಯಿರಿ. ಎರಡೂ ಒಟ್ಟಿಗೆ ಸಿಗಲ್ಲ.

ಜನ ಹಕ್ಕನ್ನು ಆರಿಸಿಕೊಂಡರು. ಹೋರಾಟ ನಡೆಯಿತು. ಹಡಗಲಿಯ ಎಂ.ಪಿ. ಪ್ರಕಾಶ್ ಅವರ ಮಗ, ಆಗಿನ ಹರಪನಹಳ್ಳಿ ಶಾಸಕ ಎಂ.ಪಿ. ರವೀಂದ್ರ ಇದರ ಬೆನ್ನು ಹತ್ತಿದರು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು, 371ಜೆ ದಾರಿ ತೆರೆಯಿತು. ಅದೇ ವರ್ಷದ ಚುನಾವಣೆಯಲ್ಲಿ ರವೀಂದ್ರ ಸೋತರು, ನವೆಂಬರ್‌ನಲ್ಲಿ ತೀರಿಕೊಂಡರು. 2021ರಲ್ಲಿ ರಾಜ್ಯದ 31ನೇ ಜಿಲ್ಲೆಯಾಗಿ ವಿಜಯನಗರ ಹುಟ್ಟಿತು. ಹೊಸಪೇಟೆ ಜೊತೆ ನಮ್ಮ ಐದೂ ತಾಲ್ಲೂಕು ಅದರೊಳಗೆ ಬಂದವು. ಈಗ ಹರಪನಹಳ್ಳಿಯವನ ಜಿಲ್ಲಾಧಿಕಾರಿ ಹೊಸಪೇಟೆಯಲ್ಲಿ. ಲೋಕಸಭಾ ಕ್ಷೇತ್ರ ಈಗಲೂ ದಾವಣಗೆರೆ. ಹೈಕೋರ್ಟ್ ಪೀಠ ಧಾರವಾಡದಲ್ಲಿ. ಕಂದಾಯ ವಿಭಾಗದ ಕೇಂದ್ರ ಕಲಬುರಗಿಯಲ್ಲಿ. ಒಬ್ಬ ಮನುಷ್ಯ, ನಾಲ್ಕು ದಿಕ್ಕು.

ಇಲ್ಲಿ ನಾನು ಒಂದು ದೂರದ ದೇಶದ ಕಥೆ ತರುತ್ತೇನೆ, ಕಾರಣ ಇದೆ. ನೈಜೀರಿಯಾದ ಆಗ್ನೇಯ ಭಾಗದಲ್ಲಿ ಇಗ್ಬೋ ಅನ್ನುವ ಜನಾಂಗ ಇದೆ. 1966ರಲ್ಲಿ ಆ ದೇಶದ ಉತ್ತರ ಭಾಗದಲ್ಲಿ ಸಾವಿರಾರು ಇಗ್ಬೋ ಜನರ ಕೊಲೆಯಾಯಿತು. 1967ರ ಮೇ 27ರಂದು ಅಲ್ಲಿನ ಸೇನಾ ಆಡಳಿತಗಾರ ಗೊವೊನ್ ದೇಶವನ್ನು 12 ರಾಜ್ಯಗಳಾಗಿ ಒಡೆದ. ಮೂರೇ ದಿನಕ್ಕೆ, ಮೇ 30ರಂದು, ಪೂರ್ವ ಭಾಗ ಬಯಾಫ್ರಾ ಅನ್ನುವ ಹೆಸರಿನಲ್ಲಿ ಬೇರೆಯಾಯಿತು. ಯುದ್ಧ, ದಿಗ್ಬಂಧನ, ಹಸಿವು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. 1970ರ ಜನವರಿಯಲ್ಲಿ ಬಯಾಫ್ರಾ ಶರಣಾಯಿತು. ಗೆದ್ದವರೂ ಇಲ್ಲ, ಸೋತವರೂ ಇಲ್ಲ ಅಂತ ಸರ್ಕಾರ ಹೇಳಿತು. ಆಮೇಲೆ ಬ್ಯಾಂಕಿನಲ್ಲಿ ಎಷ್ಟೇ ದುಡ್ಡು ಇಟ್ಟಿದ್ದರೂ ಇಗ್ಬೋ ಖಾತೆದಾರನ ಕೈಗೆ ಬಂದದ್ದು 20 ಪೌಂಡ್.

ಹರಪನಹಳ್ಳಿಯನ್ನು ಬಯಾಫ್ರಾ ಜೊತೆ ತೂಗುವ ಹುಚ್ಚು ನನಗಿಲ್ಲ. ಇಲ್ಲಿ ರಕ್ತ ಹರಿದಿಲ್ಲ, ಯಾರೂ ಬೇರೆ ದೇಶ ಕೇಳಿಲ್ಲ. ನಾನು ತೋರಿಸಬೇಕಾದದ್ದು ಯುದ್ಧ ಮುಗಿದ ಮೇಲಿನ ಕಥೆ. ನೈಜೀರಿಯಾ ಅಸಮಾಧಾನಕ್ಕೆ ಮದ್ದು ಅಂತ ಗೆರೆ ಎಳೆಯುತ್ತಲೇ ಹೋಯಿತು. 12 ರಾಜ್ಯ ಇದ್ದದ್ದು ಇವತ್ತು 36. ಅಲ್ಲಿನ ಆರು ವಲಯಗಳಲ್ಲಿ ಇಗ್ಬೋ ಜನರ ಆಗ್ನೇಯಕ್ಕೆ ಸಿಕ್ಕಿದ್ದು ಐದು ರಾಜ್ಯ. ಬೇರೆ ಎಲ್ಲ ವಲಯಗಳಿಗೆ ಆರು ಅಥವಾ ಏಳು. ಕೆಲಸ, ಸೀಟು ಹಂಚಿಕೆಗೆ ನೀನು ಯಾವ ರಾಜ್ಯದ ಮೂಲದವನು ಅನ್ನುವ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ಸ್ಥಳೀಯ ಸರ್ಕಾರದ ಕಚೇರಿ. ಹುಟ್ಟಿ ಬೆಳೆದ ಊರಲ್ಲೇ "ನೀನು ಇಲ್ಲಿಯವನಲ್ಲ" ಅನ್ನಿಸಿಕೊಂಡವರು ಲಕ್ಷಾಂತರ ಜನ ಇದ್ದಾರೆ. ಇಗ್ಬೋ ಲೇಖಕ ಚಿನುವಾ ಅಚಿಬೆ 1983ರಲ್ಲಿ ನೈಜೀರಿಯಾದ ತೊಂದರೆ ಬಗ್ಗೆಯೇ ಒಂದು ಸಣ್ಣ ಪುಸ್ತಕ ಬರೆದರು. ಅವರು ಬೆರಳು ಮಾಡಿದ್ದು ಗಡಿಗೆ ಅಲ್ಲ, ನಾಯಕತ್ವಕ್ಕೆ.

ನಕ್ಷೆ ತಿದ್ದುವುದು ಸುಲಭ. ಗೆಜೆಟ್‌ನಲ್ಲಿ ಒಂದು ಪುಟ, ಒಂದು ಉದ್ಘಾಟನೆ, ನಮ್ಮಂಥವರಿಗೆ ಒಂದು ದಿನದ ಲೈವ್. ಬೋರ್ಡ್ ಬದಲಿಸಿದರೆ ಕರೆಂಟ್ ಬರಲ್ಲ. ಒಳಗಿನ ವೈರಿಂಗ್ ಮುಟ್ಟಬೇಕು.

ಬದಲಾದದ್ದು ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಹಡಗಲಿ, ಕೂಡ್ಲಿಗಿಯವರಿಗೆ ಜಿಲ್ಲಾ ಕೇಂದ್ರ ಹತ್ತಿರವಾಗಿದೆ. ಕೊಟ್ಟೂರು ತಾನೇ ತಾಲ್ಲೂಕಾಗಿದೆ. ಆದರೆ ಅದೇ ಕೊಟ್ಟೂರಿಗೆ ಇದ್ದ ಸ್ವಂತ ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಹೋಯಿತು. ಹೊಸಪೇಟೆಯಿಂದ ಕೊಟ್ಟೂರಿಗೆ ಬ್ರಿಟಿಷರ ಕಾಲದ ರೈಲು ಮಾರ್ಗ ಇತ್ತು. ಗೇಜ್ ಪರಿವರ್ತನೆ ಅಂತ ಪ್ಯಾಸೆಂಜರ್ ರೈಲು ನಿಂತಿತು. ಮತ್ತೆ ಬಂದದ್ದು 2019ರ ಅಕ್ಟೋಬರ್‌ನಲ್ಲಿ. ನಡುವೆ ಎರಡು ದಶಕಕ್ಕೂ ಹೆಚ್ಚು. ರೈಲು ನೋಡದೆ ಒಂದು ತಲೆಮಾರು ಬೆಳೆದು ಮದುವೆಯೂ ಆಯಿತು. ಅದಕ್ಕೆ ಯಾರೂ ಕ್ಷಮೆ ಕೇಳಲಿಲ್ಲ.

2011ರ ಸಕಾಲ ಕಾಯ್ದೆ ನೆನಪಿದೆಯಾ? ಗಡುವಿನೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಕಾಯ್ದೆ ಚೆನ್ನಾಗಿದೆ. ನಿಮ್ಮ ಓಣಿಯಲ್ಲಿ ಆ 20 ರೂಪಾಯಿ ಕೇಳಿ ಪಡೆದವರು ಯಾರಾದರೂ ಇದ್ದಾರಾ, ವಿಚಾರಿಸಿ ನೋಡಿ. ಕೇಳಲು ಹೋದರೆ ಮುಂದಿನ ಕೆಲಸ ನಿಲ್ಲುತ್ತದೆ ಅನ್ನುವ ಭಯವೇ ನಿಜವಾದ ಕಾಯ್ದೆ.

ಹೊಸ ಜಿಲ್ಲೆ ಬೇಕು, ಹೊಸ ತಾಲ್ಲೂಕು ಬೇಕು ಅಂತ ಕೂಗು ಎದ್ದಾಗಲೆಲ್ಲ ನಾವು ಸ್ಟುಡಿಯೋದಲ್ಲಿ ಅದನ್ನು ರಾಜಕೀಯ ಅಂತ ತಳ್ಳಿಹಾಕುತ್ತೇವೆ. ಇನ್ನು ಮೇಲೆ ಹಾಗೆ ಮಾಡಲಾರೆ. ಆ ಕೂಗಿನ ಕೆಳಗೆ ಒಂದು ಸಣ್ಣ ಲೆಕ್ಕ ಇರುತ್ತದೆ: ಒಂದು ಸಹಿಗೆ ಎಷ್ಟು ಸಲ ಬಸ್ ಹತ್ತಬೇಕು, ಎಷ್ಟು ದಿನದ ಕೂಲಿ ಬಿಡಬೇಕು. ಜಿಲ್ಲೆ ಯಾವುದಾದರೂ ಇರಲಿ, ಈ ಲೆಕ್ಕ ಕಡಿಮೆಯಾಯಿತಾ ಅಂತ ನೋಡಿ. ಆಗಿದ್ದರೆ ಜಿಲ್ಲೆ ಆಗಿದೆ. ಇಲ್ಲದಿದ್ದರೆ ಬರೀ ಬೋರ್ಡ್ ಆಗಿದೆ.

ಮಾವ ಕಾಗದಗಳನ್ನು ಮತ್ತೆ ಟ್ರಂಕಿಗೆ ಹಾಕುತ್ತಾ ಹೇಳಿದರು: "ನಾವೇನು ಬ್ಯಾರೆ ರಾಜ್ಯ ಕೇಳಿವೇನು? ಒಂದು ಸಲ ಹೋದ್ರ ಕೆಲಸ ಆಗ್ಲಿ ಅಂತೀವಿ. ಅಷ್ಟಾ." ಅಡ ಇಟ್ಟ ಎರಡು ಎಕರೆಯಲ್ಲಿ ಒಂದು ಎಕರೆ ಬಿಡಿಸಿಕೊಂಡಿದ್ದಾರೆ. ಇನ್ನೊಂದು ಬಾಕಿ ಇದೆ.