ಪಿಕ್ಕಾಸಿನ ತಲೆಯ ಹುಳು

ಇಂದಿನ ಬರಹ ಒಂದು ಹಳೆಯ ಸಾಲದ ಬಾಬತ್ತು.

1994ರ ಮಳೆಗಾಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಾರ್ಕೂರಿನ ತಮ್ಮ ಅಡಿಕೆ ತೋಟದಿಂದ ಗೆರಟೆಯೊಳಗೆ ಒಂದು ಹುಳುವನ್ನು ತಂದು ನನ್ನ ಮೇಜಿನ ಮೇಲಿಟ್ಟ. ಗೇಣುದ್ದದ ಲೋಳೆ ಮೈ, ಬೆನ್ನ ಮೇಲೆ ಕಪ್ಪು ಗೆರೆ. ತಲೆ ಮಾತ್ರ ಅರ್ಧಚಂದ್ರದಂತೆ ಅಗಲ. ಪಾಠದ ಅವಸರದಲ್ಲಿದ್ದ ನಾನು, "ಉಂಬಳ, ಹೊರಗೆ ಬಿಸಾಡು" ಎಂದುಬಿಟ್ಟೆ. "ಉಂಬ್ಳ ಅಲ್ಲ ಮಾಷ್ಟ್ರೆ, ಎರೆಹುಳ ತಿಂತಿತ್" ಎಂದು ಅವನು ಗೊಣಗಿದ. ತರಗತಿ ನಕ್ಕಿತು. ಅವನು ಮತ್ತೆಂದೂ ನನ್ನ ಬಳಿ ಏನನ್ನೂ ತರಲಿಲ್ಲ.

ಹುಡುಗ ಹೇಳಿದ್ದೇ ನಿಜ. ಚಪ್ಪಟೆ ಹುಳುಗಳ ಪಾಠದಲ್ಲಿ ನಾನು ಪ್ಲನೇರಿಯಾ, ಯಕೃತ್ತಿನ ಹುಳು, ಲಾಡಿಹುಳುಗಳನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವನು. ಅವುಗಳ ಬಂಧುವೊಂದು ತೋಟದ ಒದ್ದೆ ನೆಲದಲ್ಲಿ ಹರಿದಾಡುವುದೆಂದು ತಿಳಿದದ್ದು ನಿವೃತ್ತಿಯ ಬಳಿಕ. ಅದರ ಹೆಸರು ಬಿಪಾಲಿಯಂ.

ಇದರ ಅಂಗರಚನೆ ವಿಚಿತ್ರ. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುಭಾಗದಲ್ಲಿದೆ. ಎರೆಹುಳುವನ್ನು ಸುತ್ತಿಕೊಂಡು, ಆ ಬಾಯಿಂದ ಗಂಟಲನ್ನೇ ಹೊರಚಾಚಿ, ಬೇಟೆಯನ್ನು ಕರಗಿಸಿ ಹೀರುತ್ತದೆ. ಗುದದ್ವಾರವಿಲ್ಲ, ಉಳಿದದ್ದು ಅದೇ ಬಾಯಿಂದ ಹೊರಕ್ಕೆ. ಹೃದಯವಿಲ್ಲ, ರಕ್ತವಿಲ್ಲ, ಶ್ವಾಸಕೋಶವಿಲ್ಲ. ಉಸಿರಾಟವೆಲ್ಲ ಚರ್ಮದ ಮೂಲಕವಾದ್ದರಿಂದ ಮೈ ಒಣಗಿದರೆ ಸಾವು. ತಲೆಯ ಅಂಚಿನುದ್ದಕ್ಕೂ ಚುಕ್ಕಿಗಳಂಥ ಹಲವಾರು ಕಣ್ಣುಗಳು. ಇದರ ಕೆಲವು ಪ್ರಭೇದಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಘೋರ ವಿಷವಿರುವುದು 2014ರಲ್ಲಿ ಪ್ರಕಟವಾಯಿತು. ಅಂದು ಆ ಹುಡುಗ ಕೈತೊಳೆದುಕೊಂಡನೋ ಇಲ್ಲವೋ ಎಂದು ಈಗ ಯೋಚಿಸುತ್ತೇನೆ.

ಹೆಸರಿಟ್ಟವರೆಲ್ಲ ಮೊದಲು ಕಂಡದ್ದು ತಲೆಯನ್ನೇ. 1835ರಲ್ಲಿ ಜಾನ್ ಎಡ್ವರ್ಡ್ ಗ್ರೇ ಬಂಗಾಳದ ಹುಳುವೊಂದನ್ನು ಪ್ಲನೇರಿಯಾ ಲುನಾಟಾ, ಅಂದರೆ ಚಂದ್ರಾಕಾರದ ಪ್ಲನೇರಿಯಾ ಎಂದು ಕರೆದ. 1857ರಲ್ಲಿ ಅಮೆರಿಕದ ವಿಲಿಯಂ ಸ್ಟಿಂಪ್ಸನ್ ಬಿಪಾಲಿಯಂ ಎಂಬ ಕುಲವನ್ನೇ ಸ್ಥಾಪಿಸಿದ. ರೋಮನ್ ರೈತರು ನೆಲವನ್ನು ಆಳವಾಗಿ ಅಗೆಯಲು ಬಳಸುತ್ತಿದ್ದ ಗುದ್ದಲಿಯೊಂದಕ್ಕೆ ಲ್ಯಾಟಿನ್ನಿನಲ್ಲಿ ಈ ಹೆಸರು. ನಮ್ಮ ಊರಿನವರಾಗಿದ್ದರೆ ಪಿಕ್ಕಾಸು ಎನ್ನುತ್ತಿದ್ದರು. ಎರಡು ವರ್ಷ ತಡವಾಗಿ, ಸಿಲೋನಿನ ಹುಳುಗಳನ್ನು ಕಂಡ ಶ್ಮಾರ್ಡಾ ಸುತ್ತಿಗೆ ತಲೆ ಎಂಬರ್ಥದ ಸ್ಫೈರೊಸೆಫಾಲಸ್ ಎಂಬ ಹೆಸರು ಕೊಟ್ಟ. ಮೊದಲಿನ ಹೆಸರಿಗೇ ಮನ್ನಣೆಯೆಂಬುದು ಪ್ರಾಣಿಶಾಸ್ತ್ರದ ಕಟ್ಟಳೆ, ಗುದ್ದಲಿ ಗೆದ್ದಿತು.

ಹುಳುವನ್ನು ಕೊಯ್ದು ಒಳಗನ್ನು ನೋಡಿದವರ ಕಥೆಯಲ್ಲಿ ನಮ್ಮ ಜಿಲ್ಲೆಯೂ ಇಣುಕುತ್ತದೆ. 1871ರ ಡಿಸೆಂಬರ್ 12ರಂದು ದಕ್ಷಿಣ ಭಾರತ ಮತ್ತು ಸಿಲೋನಿನಲ್ಲಿ ಖಗ್ರಾಸ ಸೂರ್ಯಗ್ರಹಣ. ಅದನ್ನು ನೋಡಲು ಇಂಗ್ಲೆಂಡಿನಿಂದ ಬಂದ ತಂಡದ ಮುಖ್ಯಸ್ಥ ನಾರ್ಮನ್ ಲಾಕ್ಯರ್ ಬೀಡುಬಿಟ್ಟದ್ದು ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೇಕಲದ ಕೋಟೆಯಲ್ಲಿ. ಅದೇ ಯಾತ್ರೆಯಲ್ಲಿ ಸಿಲೋನಿನ ಟ್ರಿಂಕೋಮಲಿಗೆ ಹೋದವನು ಹೆನ್ರಿ ಮೋಸ್ಲಿ. ಸೂರ್ಯನನ್ನು ನೋಡಿ ಮುಗಿಸಿದವನು ನೆಲದ ಹುಳುಗಳನ್ನೂ ಕೂಡಿಹಾಕಿಕೊಂಡು ಹಿಂದಿರುಗಿದ. ಅವುಗಳ ಅಂಗರಚನೆ ಕುರಿತ ಅವನ ಪ್ರಬಂಧ 1874ರಲ್ಲಿ ರಾಯಲ್ ಸೊಸೈಟಿಯ ಸಂಪುಟದಲ್ಲಿ ಬಂತು. 1878ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಗಾಜಿನ ಮನೆಯಲ್ಲಿ ಸಿಕ್ಕಿದ ಹುಳುವಿಗೆ ಬಿಪಾಲಿಯಂ ಕ್ಯೂಯೆನ್ಸ್ ಎಂದು ಹೆಸರಿಟ್ಟವನೂ ಅವನೇ. ಪಾಪ, ಅದು ಆಗ್ನೇಯ ಏಷ್ಯಾದ ಹುಳು. ಗಿಡಗಳ ಮಣ್ಣಿನೊಂದಿಗೆ ಬಂದು ಇಂಗ್ಲೆಂಡಿನ ಹೆಸರು ಪಡೆಯಿತು. ಇತ್ತ ಕುಲಕ್ಕೆ ಹೆಸರು ಕೊಟ್ಟ ಸ್ಟಿಂಪ್ಸನ್ನನ ಸಂಗ್ರಹ, ಹಸ್ತಪ್ರತಿಗಳೆಲ್ಲ ಗ್ರಹಣಕ್ಕೆ ಎರಡು ತಿಂಗಳ ಮೊದಲು ಶಿಕಾಗೋ ನಗರದ ಮಹಾ ಬೆಂಕಿಯಲ್ಲಿ ಬೂದಿಯಾಗಿದ್ದವು. ಮರುವರ್ಷ ಅವನೂ ತೀರಿಕೊಂಡ.

ಈಗ ತಲೆಯ ಆಕಾರವೊಂದನ್ನೇ ನಂಬುವ ಕಾಲ ಹೋಯಿತು. ಜನನಾಂಗಗಳ ಒಳರಚನೆಯನ್ನು ನೋಡಿ ಹಳೆಯ ಬಿಪಾಲಿಯಂ ಕುಲವನ್ನು ಒಡೆದಿದ್ದಾರೆ. 2001ರಲ್ಲಿ ಬೇರೆಯಾದ ಹಂಬರ್ಟಿಯಂ, ಸಿಲೋನಿನ ಹುಳುಗಳನ್ನು ವರ್ಣಿಸಿದ ಜಿನೀವಾದ ಹಂಬರ್ಟ್‌ನ ಸ್ಮರಣೆ. ಒಳರಚನೆ ಇನ್ನೂ ತಿಳಿಯದ ಪ್ರಭೇದಗಳಿಗಾಗಿ 2002ರಲ್ಲಿ ಡೈವರ್ಸಿಬಿಪಾಲಿಯಂ ಎಂಬ ಇನ್ನೊಂದು ಕುಲವನ್ನೇ ಮಾಡಿಟ್ಟರು. ತಿಳಿಯದುದನ್ನು ತಿಳಿಯದೆಂದೇ ಒಂದು ಕಪಾಟಿನಲ್ಲಿಡುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಕಳೆದ ಮಳೆಗಾಲದಲ್ಲಿ ಆ ಹುಡುಗನಿಗೆ, ಈಗ ತಲೆ ನರೆತ ಕೃಷಿಕನಿಗೆ, ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವನಿಗೆ ಎಲ್ಲವೂ ನೆನಪಿತ್ತು. ಮರುದಿನವೇ ತೋಟದಿಂದ ಅಂಥದೇ ಹುಳುವಿನ ಚಿತ್ರ ಕಳುಹಿಸಿ, ಇದು ಯಾವುದೆಂದು ಕೇಳಿದ. ಬಿಪಾಲಿಯಂ ಬಳಗದ್ದು ಹೌದು, ಆದರೆ ಕುಲ ಯಾವುದೆಂದು ಖಚಿತವಾಗಿ ಹೇಳಬೇಕಾದರೆ ಕೊಯ್ದು ಒಳಗೆ ನೋಡಬೇಕು ಎಂದೆ.

"ಹಂಗಾರೆ ಬಿಟ್ಟ್ ಬಿಡ್ತೆ ಮಾಷ್ಟ್ರೆ" ಎಂದ.