ಎಲೆಕ್ಟ್ರಾನ್ ವಿನ್ಯಾಸ ಮತ್ತು ಆವರ್ತ ಕೋಷ್ಟಕದಲ್ಲಿ ಮೂಲವಸ್ತುವಿನ ಸ್ಥಾನ

ಹತ್ತನೇ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ, ಮುಂದೆ ಮರಾಠಿ ಇಲ್ಲವೆ ಇಂಗ್ಲಿಷ್ ಕಾಲೇಜಿಗೆ ಹೋಗುವ ಭಂಡಾರಕವಠೆ, ಅಕ್ಕಲಕೋಟೆ ಕಡೆಯ ನಮ್ಮ ಮಕ್ಕಳಿಗಾಗಿ ಈ ಲೇಖನ.

ಮೊದಲು ಒಂದು ಎಚ್ಚರಿಕೆ. ಕರ್ನಾಟಕದ ಪುಸ್ತಕಗಳಲ್ಲಿ 'ಧಾತು' ಎಂದರೆ ಮೂಲವಸ್ತು. ಮರಾಠಿಯಲ್ಲಿ 'ಧಾತು' ಎಂದರೆ ಲೋಹ! ಮೂಲವಸ್ತುವಿಗೆ ಅಲ್ಲಿ 'ಮೂಲದ್ರವ್ಯ', ಆವರ್ತ ಕೋಷ್ಟಕಕ್ಕೆ 'ಆವರ್ತಸಾರಣಿ', ಗುಂಪಿಗೆ 'ಗಣ', ಎಲೆಕ್ಟ್ರಾನ್ ವಿನ್ಯಾಸಕ್ಕೆ 'ಇಲೆಕ್ಟ್ರಾನ್ ಸಂರೂಪಣ' ಎನ್ನುತ್ತಾರೆ. ಭೀಮೆಯಾಚೆಯ ಗೈಡ್ ಓದಿದ ಹುಡುಗ ಕ್ಲೋರಿನ್ ಒಂದು ಧಾತು ಎಂದರೆ ಮರಾಠಿ ಶಿಕ್ಷಕರು ತಪ್ಪೆಂದೇ ತಿಳಿಯುತ್ತಾರೆ. ಹುಡುಗನದೇನೂ ತಪ್ಪಿಲ್ಲ. ಅದಕ್ಕೇ ಇಲ್ಲಿ ನಾವು ಮೂಲವಸ್ತು ಎಂದೇ ಬರೆದಿದ್ದೇವೆ.

ಪರಮಾಣುವಿನ ಎಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತ ಕವಚಗಳಲ್ಲಿರುತ್ತವೆ. ಎಷ್ಟು ಕವಚಗಳಿವೆಯೋ ಅಷ್ಟನೆಯದು ಅದರ ಆವರ್ತ, ಅಂದರೆ ಅಡ್ಡಸಾಲು. ಹೊರಗಿನ ಕವಚದ ಎಲೆಕ್ಟ್ರಾನುಗಳಿಂದ ಗುಂಪು, ಅಂದರೆ ಕಂಬಸಾಲು, ತಿಳಿಯುತ್ತದೆ. ಅಡಿಗೆ ಉಪ್ಪನ್ನೇ ನೋಡಿ. ಸೋಡಿಯಂ ವಿನ್ಯಾಸ 2, 8, 1. ಕ್ಲೋರಿನ್ನಿನದು 2, 8, 7. ಎರಡಕ್ಕೂ ಮೂರು ಕವಚ, ಎರಡೂ 3ನೇ ಆವರ್ತದಲ್ಲಿ. ಹೊರಗೆ ಒಂದಿರುವ ಸೋಡಿಯಂ 1ನೇ ಗುಂಪು. ಹೊರಗೆ ಮೂರು ಮತ್ತು ಹೆಚ್ಚು ಇದ್ದರೆ ಹತ್ತು ಕೂಡಿಸಬೇಕು, ಹೀಗಾಗಿ ಕ್ಲೋರಿನ್ 17ನೇ ಗುಂಪು. ಒಂದನ್ನು ಕೊಡುವುದು ಸೋಡಿಯಂಗೆ ಸುಲಭ, ಒಂದನ್ನು ಪಡೆಯುವುದು ಕ್ಲೋರಿನ್‌ಗೆ ಸುಲಭ; ಉಪ್ಪು ಆಗುವುದು ಹಾಗೆ. ಕಬ್ಬಿಣ, ತಾಮ್ರದಂಥ ನಡುವಿನ ಗುಂಪುಗಳಿಗೆ ಒಳಕವಚವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದು ಹನ್ನೊಂದನೆಯದರ ಪಾಠ.

ಈ ಲೆಕ್ಕಕ್ಕೆ ಸಿಗದ ಹೀಲಿಯಂ ಕಥೆ ನಮ್ಮ ಸೀಮೆಯದೇ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ರೋಹಿತದರ್ಶಕದಿಂದ ನೋಡಿದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಹಳದಿಯದು ಸೋಡಿಯಂನದೇ ಇರಬೇಕೆಂದು ಮೊದಲು ಎಣಿಸಿದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಅಳೆದು ನೋಡಿ, ಸೋಡಿಯಂನದಲ್ಲ ಎಂದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಆಯಿತು. ಭೂಮಿಯ ಮೇಲೆ ರ‍್ಯಾಮ್ಸೆಗೆ ಸಿಕ್ಕಿದ್ದು 1895ರಲ್ಲಿ.

ಹೀಲಿಯಂಗೆ ಇರುವುದು ಎರಡೇ ಎಲೆಕ್ಟ್ರಾನ್. ಲೆಕ್ಕದಂತೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವ 2ನೇ ಗುಂಪಿಗೆ ಹೋಗಬೇಕಿತ್ತು. ಆದರೆ ಮೊದಲ ಕವಚ ಹಿಡಿಸುವುದೇ ಎರಡನ್ನು. ಅದು ತುಂಬಿರುವುದರಿಂದ ಹೀಲಿಯಂ ಏನನ್ನೂ ಕೊಡುವುದಿಲ್ಲ, ಪಡೆಯುವುದಿಲ್ಲ. ನಿಯಾನ್, ಆರ್ಗಾನ್‌ಗಳ ಮೇಲೆ 18ನೇ ಗುಂಪಿನಲ್ಲಿ ಕುಳಿತಿದೆ.

– ಕಾರ್ಯದರ್ಶಿ